ಹೆಡ್‌ಮಾಸ್ಟರ ಬೀರುವಿನಲ್ಲಿರುವ ಫೋನು

ಶಾಲೆಯಲ್ಲಿ ಫೋನು ಸಿಕ್ಕಿಬಿದ್ದರೆ ಮುಂದೇನಾಗುತ್ತದೆಂಬುದು ನಮಗೆಲ್ಲ ಗೊತ್ತಿರುವ ಕಥೆ. ಮೇಷ್ಟ್ರು ಕಿತ್ತುಕೊಳ್ಳುತ್ತಾರೆ. ಅದು ಹೆಡ್‌ಮಾಸ್ಟರ ಕೊಠಡಿಯ ಬೀರು ಸೇರುತ್ತದೆ. ‘ನಾಳೆ ಅಪ್ಪನ್ನ ಕರ್ಕೊಂಡು ಬಾ’ ಎಂದು ಅಪ್ಪಣೆಯಾಗುತ್ತದೆ. ಅಪ್ಪ ಅರ್ಧ ದಿನ ಕೆಲಸ ಬಿಟ್ಟು ಬಂದು, ಎಲ್ಲರೆದುರು ಮಗನಿಗೆ ನಾಲ್ಕು ಮಾತು ಬೈದು, ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಫೋನು ತೆಗೆದುಕೊಂಡು ಹೋಗುತ್ತಾರೆ. ಇದರಲ್ಲಿ ಪೊಲೀಸರಿಗೆ ಕೆಲಸವಿಲ್ಲ, ಕೋರ್ಟಿಗಂತೂ ಇಲ್ಲವೇ ಇಲ್ಲ.

ಆದರೆ ಫೋನು ಆ ಬೀರುವಿನಲ್ಲಿರುವ ಹೊತ್ತಿಗೇ ಠಾಣೆಯಿಂದ ಒಬ್ಬರು ಬಂದು ‘ಆ ಹುಡುಗನ ಮೊಬೈಲ್ ಸ್ವಲ್ಪ ಕೊಡಿ ಸಾರ್, ಒಂದು ವಿಚಾರ ನೋಡಬೇಕಿತ್ತು’ ಎಂದರೆ? ಬಹುತೇಕ ಹೆಡ್‌ಮಾಸ್ಟರುಗಳು ಎರಡನೇ ಮಾತಿಲ್ಲದೆ ಕೊಟ್ಟುಬಿಡುತ್ತಾರೆಂದು ನನ್ನ ಅಂದಾಜು. ಅವರನ್ನು ದೂರಿ ಪ್ರಯೋಜನವಿಲ್ಲ. ಖಾಕಿ ಎದುರಿಗೆ ನಿಂತಾಗ ‘ಆರ್ಡರ್ ಕಾಪಿ ಎಲ್ಲಿ’ ಎಂದು ಕೇಳಲು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹುಡುಗನ ಜೇಬಿನಲ್ಲಿರುವ ಫೋನಿಗೆ ಕಾನೂನು ಕೊಡುವಷ್ಟು ರಕ್ಷಣೆ, ಬೀರುವಿಗೆ ಹೋದ ಅದೇ ಫೋನಿಗೆ ಸಿಗುವುದಿಲ್ಲ. 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದ ಮೇಲೆ ಈ ಅಂತರ ಇನ್ನಷ್ಟು ಹಿಗ್ಗಿದೆ. ಇದರಿಂದ ಬರಲಿರುವ ಕೇಡು ಎಂಥದೆಂದು ಊಹಿಸಿ ಹೇಳಬೇಕಾಗಿಲ್ಲ. ಅಮೆರಿಕದ ಶಾಲೆಗಳಲ್ಲಿ ಅದು ಆಗಲೇ ನಡೆದುಹೋಗಿದೆ, ಕೋರ್ಟಿನ ಕಡತಗಳಲ್ಲಿ ದಾಖಲಾಗಿದೆ.

ಅಲ್ಲಿ ಅದು ಶುರುವಾದದ್ದು ಒಂದು ಸಿಗರೇಟಿನಿಂದ. 1980ರಲ್ಲಿ ನ್ಯೂಜೆರ್ಸಿ ರಾಜ್ಯದ ಪಿಸ್ಕಾಟವೇ ಎಂಬಲ್ಲಿನ ಹೈಸ್ಕೂಲಿನ ಶೌಚಾಲಯದಲ್ಲಿ ಇಬ್ಬರು ಹುಡುಗಿಯರು ಸಿಗರೇಟು ಸೇದುತ್ತಿದ್ದುದು ಶಿಕ್ಷಕರೊಬ್ಬರ ಕಣ್ಣಿಗೆ ಬಿತ್ತು. ಒಬ್ಬಳು ಒಪ್ಪಿಕೊಂಡಳು. 14 ವರ್ಷದ ಇನ್ನೊಬ್ಬಳು ತಾನು ಸೇದುವುದೇ ಇಲ್ಲವೆಂದಳು. ಉಪ ಪ್ರಾಂಶುಪಾಲರು ಅವಳ ಕೈಚೀಲ ತೆರೆದರು. ಸಿಗರೇಟಿನ ಪ್ಯಾಕು ಸಿಕ್ಕಿತು. ಅಲ್ಲಿಗೆ ವಿಷಯ ಮುಗಿಯಬಹುದಿತ್ತು. ಆದರೆ ಪಕ್ಕದಲ್ಲೇ ಸುತ್ತುವ ಕಾಗದ ಕಂಡಿತೆಂದು ಅವರು ಇನ್ನೂ ಕೆಳಗೆ ಕೈಹಾಕಿದರು. ಸ್ವಲ್ಪ ಗಾಂಜಾ, ಅವಳಿಗೆ ದುಡ್ಡು ಕೊಡಬೇಕಾದ ಹುಡುಗರ ಪಟ್ಟಿ, ಎರಡು ಪತ್ರ ಹೊರಬಂದವು. ಎಲ್ಲವೂ ಪೊಲೀಸರ ಕೈಸೇರಿತು. ಹುಡುಗಿಯ ಹೆಸರಿನ ಮೊದಲಕ್ಷರಗಳಿಂದ ‘ಟಿ.ಎಲ್.ಒ.’ ಎಂದೇ ಕರೆಸಿಕೊಂಡ ಈ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ಕೊಟ್ಟಿತು. ವಿದ್ಯಾರ್ಥಿಗೂ ಖಾಸಗಿತನವುಂಟು, ಆದರೆ ಶಾಲೆಯವರು ಶೋಧ ಮಾಡಲು ವಾರಂಟ್ ಬೇಡ, ಸಕಾರಣವಾದ ಅನುಮಾನವಿದ್ದರೆ ಸಾಕು ಎಂದಿತು. ಪೊಲೀಸರ ಜೊತೆಗೂಡಿ ಅಥವಾ ಅವರು ಹೇಳಿದ್ದರಿಂದ ಶಾಲೆಯವರು ಹುಡುಕಿದರೆ ಯಾವ ಅಳತೆಗೋಲು ಎಂಬ ಪ್ರಶ್ನೆಯನ್ನು ಮಾತ್ರ ಒಂದು ಅಡಿಟಿಪ್ಪಣಿಯಲ್ಲಿ ಬಾಕಿ ಉಳಿಸಿತು. ಮುಂದಿನ ನಾಲ್ಕು ದಶಕಗಳ ತಕರಾರೆಲ್ಲ ಆ ಅಡಿಟಿಪ್ಪಣಿಯದೇ.

ಕೈಚೀಲಕ್ಕಾದರೆ ತಳ ಎಂಬುದೊಂದು ಇರುತ್ತದೆ. ಅದೇ ನಿಯಮವನ್ನು ಫೋನಿಗೆ ಅನ್ವಯಿಸಿದಾಗ ಏನಾಯಿತೆಂದು ನೋಡಿ. 2008ರಲ್ಲಿ ಮಿಸಿಸಿಪ್ಪಿಯ ಡಿಸೋಟೊ ಕೌಂಟಿಯ ಮಾಧ್ಯಮಿಕ ಶಾಲೆಯೊಂದರಲ್ಲಿ 12 ವರ್ಷದ ಹುಡುಗ ಅಪ್ಪ ಕಳಿಸಿದ್ದ ಮೆಸೇಜು ಓದಲು ಫೋನು ತೆರೆದ. ಶಾಲೆಯಲ್ಲಿ ಫೋನು ನಿಷಿದ್ಧವಾಗಿತ್ತು. ಕಿತ್ತುಕೊಂಡವರು ಅದರೊಳಗಿನ ಫೋಟೊಗಳನ್ನು ಒಂದೊಂದಾಗಿ ನೋಡಿದರು. ಹಾಗೆ ನೋಡಿದವರಲ್ಲಿ ಒಬ್ಬ ಪೊಲೀಸ್ ಸಾರ್ಜೆಂಟ್ ಕೂಡ ಇದ್ದ. ಹುಡುಗ ತನ್ನ ಮನೆಯ ಬಚ್ಚಲಲ್ಲಿ ಕುಣಿಯುತ್ತಿದ್ದ ಚಿತ್ರಗಳಿದ್ದವು, ಸಹಪಾಠಿಯೊಬ್ಬ ಛರ‍್ರೆ ಬಂದೂಕು ಹಿಡಿದ ಚಿತ್ರವಿತ್ತು. ಕುಣಿತದಲ್ಲಿ ಅವರಿಗೆ ರೌಡಿ ಗ್ಯಾಂಗುಗಳ ಕೈಸನ್ನೆ ಕಂಡಿತು. ಹುಡುಗನನ್ನು ಶಾಲೆಯಿಂದ ತೆಗೆದುಹಾಕಿದರು. 2010ರಲ್ಲಿ ಫೆಡರಲ್ ನ್ಯಾಯಾಲಯ ಈ ಶೋಧ ತಪ್ಪಲ್ಲವೆಂದಿತು. ನಿಷಿದ್ಧ ವಸ್ತುವನ್ನು ಶಾಲೆಗೆ ತಂದವನಿಗೆ ಅದರೊಳಗಿನದರ ಮೇಲೆ ಅಷ್ಟು ಖಾಸಗಿತನವಿಲ್ಲ ಎಂಬುದು ಅದರ ಧಾಟಿ. ಅಪ್ಪನ ಮೆಸೇಜಿಗೂ ಬಚ್ಚಲಮನೆಯ ಫೋಟೊಗೂ ಏನು ಸಂಬಂಧವೆಂದು ಕೇಳಿದರೆ ನನಗೂ ಉತ್ತರ ಗೊತ್ತಿಲ್ಲ. ಮೂರು ವರ್ಷಗಳ ಬಳಿಕ ಕೆಂಟಕಿಯ ಓವೆನ್ಸ್‌ಬರೊ ಶಾಲೆಯ ಇಂಥದೇ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವೊಂದು, ತರಗತಿಯಲ್ಲಿ ಫೋನು ಬಳಸಿದ ಮಾತ್ರಕ್ಕೆ ಅದರೊಳಗಿನ ಮೆಸೇಜುಗಳನ್ನೆಲ್ಲ ಓದುವ ಅಧಿಕಾರ ಬರುವುದಿಲ್ಲವೆಂದು ಇದಕ್ಕೆ ವಿರುದ್ಧವಾಗಿ ಹೇಳಿತು. ಅಂದರೆ ಮಗುವಿನ ಹಕ್ಕು ಅದು ಯಾವ ಊರಿನಲ್ಲಿ ಓದುತ್ತಿದೆ ಎಂಬುದರ ಮೇಲೆ ನಿಂತಿತು.

ಪೆನ್ಸಿಲ್ವೇನಿಯಾದ ಟಂಕ್‌ಹ್ಯಾನಕ್ ಪ್ರಕರಣ ಇದಕ್ಕಿಂತ ಗಂಭೀರ. 2009ರ ಜನವರಿಯಲ್ಲಿ ಅಲ್ಲಿನ ಹೈಸ್ಕೂಲಿನ ಹುಡುಗಿಯೊಬ್ಬಳ ಫೋನನ್ನು ಶಾಲೆಯ ಆವರಣದಲ್ಲಿ ಬಳಸಿದಳೆಂಬ ಕಾರಣಕ್ಕೆ ಕಿತ್ತುಕೊಂಡರು. ಪ್ರಾಂಶುಪಾಲರು ಒಳಗೆ ನೋಡಿದರು. ಅವಳು ತನ್ನದೇ ಚಿತ್ರಗಳನ್ನು ತೆಗೆದು ಇಟ್ಟುಕೊಂಡಿದ್ದಳು. ಕೆಲವು ಅರೆಬೆತ್ತಲೆ ಚಿತ್ರಗಳಾಗಿದ್ದವು. ಅವು ಶಾಲೆಯಲ್ಲಿ ಯಾರಿಗೂ ಕಾಣದೆ ಫೋನಿನೊಳಗೆ ಸುಮ್ಮನೆ ಇದ್ದಂಥವು. ಫೋನು ಪೊಲೀಸರಿಗೆ, ಅಲ್ಲಿಂದ ಜಿಲ್ಲಾ ಪ್ರಾಸಿಕ್ಯೂಟರ್ ಕಚೇರಿಗೆ ಹೋಯಿತು. ಪ್ರಾಸಿಕ್ಯೂಟರ್ ಅವಳ ಮುಂದೆ ಎರಡು ದಾರಿ ಇಟ್ಟರು: ತಾವು ಹೇಳಿದ ತಿದ್ದುಪಡಿ ತರಗತಿಗೆ ಹೋಗಬೇಕು, ಇಲ್ಲದಿದ್ದರೆ ಮಕ್ಕಳ ಅಶ್ಲೀಲ ಚಿತ್ರದ ಗಂಭೀರ ಆರೋಪ ಎದುರಿಸಬೇಕು. ಅವಳ ಚಿತ್ರಕ್ಕೆ ಅವಳೇ ಅಪರಾಧಿ, ಅವಳೇ ಬಲಿಪಶು. ಹುಡುಗಿ ಕೋರ್ಟಿಗೆ ಹೋದಳು. 2010ರಲ್ಲಿ ಶಾಲಾ ಆಡಳಿತ 33,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ತಪ್ಪು ಒಪ್ಪಲಿಲ್ಲ. ಎಷ್ಟು ಜನ ಅಪರಿಚಿತ ಗಂಡಸರು ಆ ಚಿತ್ರಗಳನ್ನು ನೋಡಿದರೆಂಬ ಲೆಕ್ಕಕ್ಕೆ ಯಾವ ಡಾಲರೂ ಸಾಲುವುದಿಲ್ಲ.

2014ರಲ್ಲಿ ‘ರೈಲಿ’ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ, ಬಂಧಿತನ ಫೋನನ್ನು ನೋಡಲು ಕೂಡ ಪೊಲೀಸರಿಗೆ ವಾರಂಟ್ ಬೇಕೆಂದಿತು. ಆಗ ಹೆಚ್ಚು ಮಾರಾಟವಾಗುತ್ತಿದ್ದ ಫೋನಿನ 16 ಜಿಬಿ ಜಾಗದಲ್ಲಿ ಲಕ್ಷಾಂತರ ಪುಟಗಳು ಹಿಡಿಸುತ್ತವೆ, ಜೇಬಿನಲ್ಲಿ ಸಿಕ್ಕ ಬೀಡಿ ಪೊಟ್ಟಣದ ಹಾಗೆ ಅದನ್ನು ಕಾಣಲಾಗದು ಎಂಬರ್ಥದ ವಾದ ಅದರದು. ಇಂದು ನಮ್ಮ ಹಳ್ಳಿಯ ಮೊಬೈಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಫೋನು 128 ಜಿಬಿಯದು. ಆದರೆ ಆ ತೀರ್ಪು ಪೊಲೀಸರಿಗೆ ಅನ್ವಯಿಸಿತು, ಶಾಲೆಗಳು ಹಳೆಯ ಸಿಗರೇಟು ತೀರ್ಪಿನಡಿಯೇ ಉಳಿದವು. ದೊಡ್ಡವನನ್ನು ರಸ್ತೆಯಲ್ಲಿ ಹಿಡಿದರೆ ವಾರಂಟ್ ಬೇಕು, ಹುಡುಗನನ್ನು ಶಾಲೆಯಲ್ಲಿ ಹಿಡಿದರೆ ಬೇಡ. ಕ್ಯಾಲಿಫೋರ್ನಿಯಾ ಮಾತ್ರ 2016ರಿಂದ ಜಾರಿಗೆ ಬಂದ ತನ್ನ ಕಾಯ್ದೆಯಲ್ಲಿ ಸರ್ಕಾರಿ ಶಾಲೆಗಳನ್ನೂ ಸೇರಿಸಿಕೊಂಡಿದೆ.

ಈ ಸಡಿಲಿಕೆಯೊಳಕ್ಕೆ ಯಂತ್ರಗಳು ಬಂದವು. 2020ರ ಅಕ್ಟೋಬರ್‌ನಲ್ಲಿ ‘ಅಪ್‌ಟರ್ನ್’ ಎಂಬ ಸಂಶೋಧನಾ ಸಂಸ್ಥೆ, ಫೋನಿನ ಬೀಗ ಮುರಿದು ದತ್ತಾಂಶ ಹೊರತೆಗೆಯುವ ಸಾಧನಗಳನ್ನು ಕೊಂಡ ಪೊಲೀಸ್ ಇಲಾಖೆಗಳ ದಾಖಲೆ ಕಲೆಹಾಕಿತು. 50 ರಾಜ್ಯಗಳಲ್ಲೂ ಸೇರಿ ಕನಿಷ್ಠ 2,000 ಇಲಾಖೆಗಳ ಬಳಿ ಅವು ಇದ್ದವು. ಕೊಲೆ, ಅತ್ಯಾಚಾರಗಳಿಗೆಂದು ಕೊಂಡ ಸಾಧನಗಳು ಗೋಡೆಬರಹ, ಅಂಗಡಿ ಕಳ್ಳತನ, ಚಿಟಿಕೆ ಗಾಂಜಾದ ಕೇಸುಗಳಲ್ಲೂ ಬಳಕೆಯಾಗಿದ್ದವು. ವಾರಂಟ್ ಇಲ್ಲದೆ, ‘ಫೋನಿನವರೇ ಒಪ್ಪಿ ಕೊಟ್ಟರು’ ಎಂಬ ನೆಲೆಯ ಮೇಲೆ ನಡೆದ ಶೋಧಗಳ ಪಾಲೂ ಸಣ್ಣದಾಗಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಗಿಜ್ಮೊಡೊ’ ಸುದ್ದಿ ಜಾಲತಾಣ ಖರ್ಚಿನ ಪಟ್ಟಿಗಳನ್ನು ತೆಗೆಸಿ ನೋಡಿದಾಗ ಎಂಟು ಶಾಲಾ ಜಿಲ್ಲೆಗಳು ಇಂಥ ಸಾಧನಗಳಿಗೆ ತಾವೇ ಹಣ ಕೊಟ್ಟಿದ್ದು ಕಂಡಿತು. ಎಂಟರಲ್ಲಿ ಏಳು ಟೆಕ್ಸಾಸ್‌ನವು. ಭಯೋತ್ಪಾದಕರ ಫೋನಿಗೆ ಹಾಕುವ ತಂತಿಯನ್ನು ಒಂಬತ್ತನೇ ತರಗತಿಯ ಮಕ್ಕಳ ಫೋನಿಗೂ ಹಾಕಬಹುದೆಂದು ಯಾವ ಶಾಸನಸಭೆಯೂ ತೀರ್ಮಾನಿಸಿರಲಿಲ್ಲ. ಅದು ಸಾಮಗ್ರಿ ಖರೀದಿಯ ಬಿಲ್ಲಿನಲ್ಲಿ ತೀರ್ಮಾನವಾಗಿಹೋಗಿತ್ತು.

ಈ ತಂತಿ ಏನೇನು ಎಳೆದು ತರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ‘ಫೋನು ನೋಡುವುದು’ ಎಂದರೆ ವಾಟ್ಸ್‌ಆ್ಯಪ್ ತೆರೆದು ಬೆರಳಾಡಿಸುವುದು ಎಂದೇ ನಮ್ಮಲ್ಲಿ ಹಲವರ ಕಲ್ಪನೆ. ಸಾಧನವನ್ನು ಜೋಡಿಸಿದಾಗ ಅದು ಮೊದಲು ಬೇಕಾದ್ದನ್ನು ಆರಿಸುವುದಿಲ್ಲ, ಸಿಕ್ಕಷ್ಟನ್ನೂ ನಕಲು ಮಾಡಿಕೊಳ್ಳುತ್ತದೆ. ಕಾಂಟ್ಯಾಕ್ಟ್‌ಗಳು, ಕರೆಗಳ ದಾಖಲೆ, ಚಾಟ್‌ಗಳು, ಪ್ರತಿ ಫೋಟೊದೊಳಗೆ ಅಡಗಿರುವ ಸ್ಥಳ ಮತ್ತು ಸಮಯ, ಹಿಂದೆ ಸೇರಿಕೊಂಡಿದ್ದ ವೈಫೈಗಳ ಹೆಸರು, ಬ್ರೌಸರಿನಲ್ಲಿ ಹುಡುಕಿದ್ದು, ಇಮೇಲ್ ಮತ್ತು ಕ್ಲೌಡ್ ಖಾತೆಗಳಿಗೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳದಂತೆ ಉಳಿಸಿಕೊಂಡ ಗುರುತುಗಳು. ಆಮೇಲೆ ಪರದೆಯ ಮೇಲೆ ಎಲ್ಲವನ್ನೂ ದಿನಾಂಕವಾರು ಜೋಡಿಸಿ, ಪದ ಹಾಕಿ ಹುಡುಕಬಹುದು. ಅಳಿಸಿದ ಸಂದೇಶವೂ ಕೆಲವು ಸಲ ಸಿಗುತ್ತದೆ. ಆ್ಯಪ್‌ಗಳು ಸಂದೇಶಗಳನ್ನು ಸಣ್ಣ ಡೇಟಾಬೇಸ್‌ಗಳಲ್ಲಿ ಇಡುತ್ತವೆ. ‘ಡಿಲೀಟ್’ ಒತ್ತಿದಾಗ ಆ ಜಾಗ ಖಾಲಿಯಾಯಿತೆಂದು ಗುರುತು ಬೀಳುತ್ತದೆಯೇ ಹೊರತು ಅಕ್ಷರಗಳು ಕೂಡಲೇ ಅಳಿಯಬೇಕೆಂದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಹೆಸರು ಹೊಡೆದುಹಾಕಿದಂತೆ, ಹಾಳೆ ಒಳಗೆ ಹಾಗೇ ಇರುತ್ತದೆ. ಹೊಸ ಬರಹ ಅದರ ಮೇಲೆ ಬೀಳುವವರೆಗೆ ಅದನ್ನು ಓದಲು ಸಾಧ್ಯ. ಈಚಿನ ಫೋನುಗಳ ಎನ್‌ಕ್ರಿಪ್ಶನ್ ಇದನ್ನು ಕಷ್ಟವಾಗಿಸಿದೆ, ಆದರೆ ಪಾಸ್‌ವರ್ಡನ್ನೇ ಹೇಳಿಬಿಟ್ಟ ಮಗುವಿನ ಫೋನಿಗೆ ಆ ಕೋಟೆಯಿಂದ ಉಪಯೋಗ ಕಡಿಮೆ.

ಈ ಯಂತ್ರಗಳ ಮಾತನ್ನು ವೇದವಾಕ್ಯವೆಂದುಕೊಳ್ಳುವಂತೆಯೂ ಇಲ್ಲ. 2021ರ ಏಪ್ರಿಲ್‌ನಲ್ಲಿ ‘ಸಿಗ್ನಲ್’ ಆ್ಯಪ್‌ನ ಸ್ಥಾಪಕ ಮಾಕ್ಸಿ ಮಾರ್ಲಿನ್‌ಸ್ಪೈಕ್, ಇಸ್ರೇಲಿನ ಸೆಲ್ಲೆಬ್ರೈಟ್ ಕಂಪನಿಯ ಸಾಧನವನ್ನು ಬಿಚ್ಚಿ ನೋಡಿ ಅದರ ತಂತ್ರಾಂಶದಲ್ಲಿ ದೊಡ್ಡ ಬಿರುಕುಗಳಿವೆಯೆಂದು ತೋರಿಸಿದರು. ಫೋನಿನಲ್ಲಿ ಒಂದು ಹದವಾದ ಫೈಲು ಇಟ್ಟರೆ ಸಾಕು, ಆ ಸಾಧನ ತಯಾರಿಸುವ ವರದಿಯನ್ನೇ ತಿದ್ದಬಹುದಿತ್ತು. ಕಂಪನಿ ಆಮೇಲೆ ಸರಿಪಡಿಸಿಕೊಂಡಿತೆನ್ನಿ.

ನಮ್ಮ ಕಡೆಗೆ ಬರೋಣ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಹೇಳಿಸಿದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕನ್ನು ಮೊಟಕುಗೊಳಿಸಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಆ ತೀರ್ಪಿನ ಅಳತೆ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಎಳೆತನದ ತಪ್ಪುಗಳ ಫಲವನ್ನು ಮಕ್ಕಳು ಜೀವನಪೂರ್ತಿ ಹೊರುವಂತಾಗಬಾರದು ಎಂಬುದು ಅಲ್ಲಿನ ಕಾಳಜಿ.

ಫೋನಿನ ವಿಚಾರದಲ್ಲಿ ನೇರವಾಗಿ ದಾರಿ ತೋರಿಸಿದ್ದೂ ನಮ್ಮ ಹೈಕೋರ್ಟೇ. 2021ರ ಮಾರ್ಚ್‌ನಲ್ಲಿ, ಬೆಂಗಳೂರಿನ ಮಾದಕವಸ್ತು ಪ್ರಕರಣವೊಂದರಿಂದ ಹುಟ್ಟಿದ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ತುರ್ತು ಸಂದರ್ಭ ಬಿಟ್ಟರೆ ಸ್ಮಾರ್ಟ್‌ಫೋನ್ ಶೋಧಕ್ಕೆ ನ್ಯಾಯಾಲಯದ ವಾರಂಟ್ ಬೇಕೆಂದರು. ಜಪ್ತಿ ಮಾಡಿದ ಫೋನು ನೆಟ್‌ವರ್ಕಿಗೆ ಸಿಗದಂತೆ ಫ್ಯಾರಡೆ ಚೀಲದಲ್ಲಿ ಹಾಕಿಡುವುದೂ ಸೇರಿ ಏನೇನು ಮಾಡಬೇಕೆಂದು ಬರೆದರು. ಅಲ್ಲಿ ಸಿಕ್ಕ ಖಾಸಗಿ ವಿವರಗಳನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡಬಾರದೆಂದರು. ಪಾಸ್‌ವರ್ಡ್ ಕೊಡುವಂತೆ ನ್ಯಾಯಾಲಯ ಆದೇಶಿಸಿದರೆ ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಹೇಳಿದರು. ಈ ಮಾತಿನ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ನನಗೂ ಇದೆ, ಆದರೆ ಅದು ಬೇರೆಯೇ ಲೇಖನದ ವಸ್ತು.

ಇಷ್ಟೆಲ್ಲ ಇದ್ದ ಮೇಲೆ ಭಯವೇಕೆ? ಬೀರುವಿನಿಂದಾಗಿ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಠಾಣಾಧಿಕಾರಿಯೇ ಒಂದು ಲಿಖಿತ ಆದೇಶ ಹೊರಡಿಸಿ, ತನಿಖೆಗೆ ಬೇಕಾದ ವಸ್ತು ಯಾರ ವಶದಲ್ಲಿದೆಯೋ ಅವರಿಂದ ಅದನ್ನು ತರಿಸಿಕೊಳ್ಳಬಹುದು. ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕಾಗಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಮೂ ಹೀಗೇ ಇತ್ತು, ಆದರೆ ಹೊಸದರಲ್ಲಿ ಡಿಜಿಟಲ್ ಸಾಕ್ಷ್ಯ ಇರಬಹುದಾದ ಸಂವಹನ ಸಾಧನಗಳನ್ನು ಹೆಸರಿಟ್ಟು ಸೇರಿಸಲಾಗಿದೆ. ಇನ್ನು 1964ರಲ್ಲಿ ಗುಜರಾತ್ ರಾಜ್ಯ ಮತ್ತು ಶ್ಯಾಮಲಾಲ್ ಮೋಹನಲಾಲ್ ಚೋಕ್ಸಿ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಆದೇಶವನ್ನು ಆರೋಪಿಯ ಮೇಲೆಯೇ ಹೊರಡಿಸುವಂತಿಲ್ಲವೆಂದು ಹೇಳಿತ್ತು. ಸ್ವಾರಸ್ಯವೆಂದರೆ ಆಗ ಜಾರಿಯಲ್ಲಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಈ ಕಲಮಿನ ಸಂಖ್ಯೆ 94 ಆಗಿತ್ತು. ಈಗ ಹೊಸ ಕಲಮನ್ನೂ ಆ ತೀರ್ಪನ್ನೂ ಜೋಡಿಸಿ ನೋಡಿ. ಹುಡುಗ ಆರೋಪಿಯಾದರೆ ‘ನಿನ್ನ ಫೋನು ತಂದುಕೊಡು’ ಎಂದು ಅವನಿಗೆ ಆದೇಶ ಕೊಡಲಾಗದು. ಆದರೆ ಅದೇ ಫೋನು ಹೆಡ್‌ಮಾಸ್ಟರ ವಶದಲ್ಲಿದ್ದರೆ? ಹೆಡ್‌ಮಾಸ್ಟರು ಆರೋಪಿಯಲ್ಲ. ಆದೇಶ ಅವರಿಗೆ ಹೋಗುತ್ತದೆ. ಹುಡುಗನ ಸಂವಿಧಾನದತ್ತ ರಕ್ಷಣೆ ಶಿಸ್ತಿನ ನೆಪದಲ್ಲಿ ಬೀರು ಸೇರಿಬಿಟ್ಟಿರುತ್ತದೆ. ಇದನ್ನು ಯಾರೋ ಹೂಡಿದ ಸಂಚೆಂದು ನಾನು ಹೇಳುತ್ತಿಲ್ಲ. ಎರಡು ನಿಯಮಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿ, ನಡುವೆ ಸಂದು ಬಿಟ್ಟಿವೆ. ಫೋನನ್ನು ತರಿಸಿಕೊಳ್ಳುವುದು ಬೇರೆ, ಅದರೊಳಗೆ ಹುಡುಕುವುದು ಬೇರೆ, ಎರಡನೆಯದಕ್ಕೆ ಈಗಲೂ ವಾರಂಟ್ ಬೇಕೆಂದು ವಕೀಲರು ವಾದಿಸಬಹುದು, ವಾದಿಸಬೇಕು. ಆದರೆ ಠಾಣೆಯ ಮೇಜಿನ ಮೇಲೆ, ಲಾಕ್ ತೆಗೆದ ಸ್ಥಿತಿಯಲ್ಲಿ ಫೋನಿದ್ದಾಗ ಆ ವಾದವನ್ನು ಕೇಳುವವರು ಯಾರು?

ಬೀರು ಸೇರುವ ಫೋನುಗಳ ಸಂಖ್ಯೆ ಏರುತ್ತಲೇ ಹೋಗಲಿದೆ. 2025ರ ಫೆಬ್ರುವರಿ ಕೊನೆಯಲ್ಲಿ ದೆಹಲಿ ಹೈಕೋರ್ಟ್, ಶಾಲೆಯಲ್ಲಿ ಸ್ಮಾರ್ಟ್‌ಫೋನಿಗೆ ಸಾರಾಸಗಟು ನಿಷೇಧ ಸರಿಯಲ್ಲವೆಂದು, ಸಾಧ್ಯವಿದ್ದಲ್ಲಿ ದಿನದ ಆರಂಭದಲ್ಲೇ ಫೋನುಗಳನ್ನು ಒಪ್ಪಿಸಿಕೊಂಡು ಸಂಜೆ ಹಿಂತಿರುಗಿಸುವ ವ್ಯವಸ್ಥೆ ಮಾಡಬೇಕೆಂದು ಹೇಳಿತು. ವಿವೇಕದ ಮಾತು. ಆದರೆ ಅದರ ಅರ್ಥ, ದಿನವೂ ಐದಾರು ಗಂಟೆ ನೂರಾರು ಮಕ್ಕಳ ಫೋನುಗಳು ಇನ್ನೊಬ್ಬರ ವಶದಲ್ಲಿರುತ್ತವೆ.

‘ಮಕ್ಕಳ ಫೋನು’ ಎಂದು ಬರೆದೆ. ನಮ್ಮಲ್ಲಿ ಅದು ಅರ್ಧಸತ್ಯ. 2023ರ ‘ಅಸರ್’ ವರದಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಸಮೀಕ್ಷೆ ಮಾಡಿತ್ತು. ಸುಮಾರು 90% ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಬಳಸಲು ಬಲ್ಲವರ ಪೈಕಿ ತಮ್ಮದೇ ಫೋನಿದ್ದ ಹುಡುಗರು 43.7%, ಹುಡುಗಿಯರು 19.8% ಮಾತ್ರ. ಉಳಿದವರ ಕೈಯಲ್ಲಿರುವುದು ಅಮ್ಮನದೋ ಅಣ್ಣನದೋ. ಹುಡುಗಿ ಶಾಲೆಗೆ ತಂದ ಆ ಫೋನಿನಲ್ಲಿ ಅಮ್ಮನ ಸ್ವಸಹಾಯ ಸಂಘದ ಗುಂಪಿದೆ, ಗೃಹಲಕ್ಷ್ಮಿ ಹಣ ಬಂದ ಬ್ಯಾಂಕಿನ ಮೆಸೇಜಿದೆ, ಅಪ್ಪನ ಫೋನ್‌ಪೇ ಇದೆ, ಅತ್ತಿಗೆಯ ಸ್ಕ್ಯಾನಿಂಗ್ ವರದಿಯ ಫೋಟೊ ಇದೆ, ಜಮೀನು ವ್ಯಾಜ್ಯದ ಬಗ್ಗೆ ವಕೀಲರೊಡನೆ ಆಡಿದ ಮಾತಿದೆ. ಅಮೆರಿಕದ ಹುಡುಗನ ಫೋನು ಕಿತ್ತುಕೊಂಡಾಗ ಅವನೊಬ್ಬನ ಬದುಕು ತೆರೆದುಕೊಂಡಿತು. ಇಲ್ಲಿ ಮನೆಗೆ ಮನೆಯೇ ತೆರೆದುಕೊಳ್ಳುತ್ತದೆ, ಮನೆ ಶೋಧಿಸಲು ಬೇಕಾದ ಒಂದು ಕಾಗದವೂ ಇಲ್ಲದೆ. ಅಲ್ಲಿನ ತೀರ್ಪುಗಳನ್ನು ಓದಿದವರಿಗೆ ಹೊಳೆಯದ, ಇಲ್ಲಿನ ಸರ್ಕಾರಿ ಶಾಲೆಯ ಯಾವ ಶಿಕ್ಷಕಿಯನ್ನು ಕೇಳಿದರೂ ಹೇಳುವ ಸಂಗತಿ ಇದು.

ಟಂಕ್‌ಹ್ಯಾನಕ್‌ನ ಹುಡುಗಿಗೆ ಆದದ್ದು ಇಲ್ಲಿ ಇನ್ನೂ ಸುಲಭವಾಗಿ ಆಗಬಹುದು. 18ಕ್ಕಿಂತ ಕಡಿಮೆ ವಯಸ್ಸಿನವರ ಲೈಂಗಿಕ ಚಿತ್ರ ಯಾರ ಬಳಿಯಿದ್ದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಮತ್ತು ಪೋಕ್ಸೊ ಕಾಯ್ದೆಯ 15ನೇ ಕಲಮುಗಳು ಎದುರಾಗುತ್ತವೆ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಇಂಥ ಚಿತ್ರ ಇಟ್ಟುಕೊಂಡಿರುವುದನ್ನೂ ಹಗುರವಾಗಿ ಕಾಣಲಾಗದೆಂದು ಕಾನೂನನ್ನು ಬಿಗಿಗೊಳಿಸಿತು. ಮಕ್ಕಳನ್ನು ಹಿಂಸಿಸಿ ಚಿತ್ರ ಮಾಡಿ ಮಾರುವವರ ವಿರುದ್ಧ ಅದು ಬೇಕಾದ ತೀರ್ಪೇ. ಆದರೆ ಹತ್ತನೇ ತರಗತಿಯ ಹುಡುಗಿ ತನ್ನದೇ ಚಿತ್ರ ತೆಗೆದು ಫೋನಿನ ಮೂಲೆಯಲ್ಲಿ ಮರೆತಿದ್ದರೂ ಕಾನೂನಿನ ಅಕ್ಷರ ಅದೇ. ಇದರ ಜೊತೆಗೆ ಪೋಕ್ಸೊ 19ನೇ ಕಲಮಿದೆ: ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ವರದಿ ಮಾಡಲೇಬೇಕು, ಮಾಡದಿದ್ದರೆ 21ನೇ ಕಲಮಿನಡಿ ಶಿಕ್ಷೆ. ಕುತೂಹಲಕ್ಕೆಂದು ಗ್ಯಾಲರಿ ತೆರೆದ ಪಿ.ಟಿ. ಮಾಸ್ಟರಿಗೆ ಅಂಥ ಚಿತ್ರ ಕಂಡರೆ, ಆ ಕ್ಷಣದಿಂದ ಅವರಿಗೂ ಆಯ್ಕೆ ಉಳಿಯುವುದಿಲ್ಲ. ಮಗುವನ್ನು ಕೂರಿಸಿ ಬುದ್ಧಿ ಹೇಳಿ, ತಾಯಿಯನ್ನು ಕರೆಸಿ ಮಾತಾಡಿ ಮುಗಿಸಬಹುದಾಗಿದ್ದ ವಿಷಯ ಠಾಣೆಗೆ ಹೋಗಲೇಬೇಕಾಗುತ್ತದೆ. ಅನಾಹುತ ಬೆರಳು ಗ್ಯಾಲರಿಯ ಮೇಲೆ ಇಟ್ಟಾಗಲೇ ಶುರುವಾಗಿರುತ್ತದೆ, ಪೊಲೀಸರು ಬರುವುದು ಆಮೇಲೆ.

ಹೀಗೆ ಬೆರಳಾಡಿಸುವುದರಿಂದ ತನಿಖೆಗೂ ನಷ್ಟ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು, ಅದರಲ್ಲಿ ‘ಹ್ಯಾಶ್’ ಸಂಖ್ಯೆ ನಮೂದಿಸಬೇಕು. ಹ್ಯಾಶ್ ಎಂದರೆ ಇಡೀ ದತ್ತಾಂಶವನ್ನು ಲೆಕ್ಕಹಾಕಿ ಪಡೆದ ಒಂದು ಉದ್ದನೆಯ ಸಂಖ್ಯೆ. ಒಳಗೆ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಹ್ಯಾಶ್ ತೆಗೆಯುವ ಮುನ್ನ ಸ್ಟಾಫ್ ರೂಮಿನಲ್ಲಿ ಮೂರು ಜನ, ಠಾಣೆಯಲ್ಲಿ ಇಬ್ಬರು ಫೋನು ತೆರೆದು ನೋಡಿದ್ದರೆ ಓದದ ಸಂದೇಶಗಳು ಓದಿದವಾಗುತ್ತವೆ, ಹೊಸ ಫೋಟೊಗಳು ತಾವಾಗಿ ಇಳಿಯುತ್ತವೆ, ಫೈಲುಗಳ ಸಮಯ ಬದಲಾಗುತ್ತದೆ. ಬೇರೊಬ್ಬ ಹುಡುಗಿಯನ್ನು ಬ್ಲ್ಯಾಕ್‌ಮೇಲ್ ಮಾಡಿದವನ ವಿರುದ್ಧದ ಗಟ್ಟಿ ಸಾಕ್ಷ್ಯವೇ ಅದರಲ್ಲಿದ್ದರೂ, ಪ್ರತಿವಾದಿ ವಕೀಲರಿಗೆ ಇಷ್ಟು ಸಾಕು.

ಬ್ಲ್ಯಾಕ್‌ಮೇಲ್ ಮಾತು ಸುಮ್ಮನೆ ತಂದದ್ದಲ್ಲ. ಪೊಲೀಸರಿಗೆ ಶಾಲಾ ಮಕ್ಕಳ ಫೋನು ನಿಜವಾಗಿ ಬೇಕಾಗುವ ಸಂದರ್ಭಗಳಿವೆ. ಹುಡುಗಿಯ ಮುಖವನ್ನು ಬೆತ್ತಲೆ ಚಿತ್ರಕ್ಕೆ ಅಂಟಿಸಿ ಹಂಚುವುದು, ಆಟದ ಆ್ಯಪ್‌ನಲ್ಲಿ ಗೆಳೆತನ ಬೆಳೆಸಿ ದುಡ್ಡು ಕೀಳುವುದು, ಗಾಂಜಾ ಮಾರಾಟ, ಇವೆಲ್ಲ ಈಗ ಫೋನಿನಲ್ಲೇ ನಡೆಯುತ್ತವೆ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಯವರು ಕೂಡಲೇ ಫೋನು ವಶಕ್ಕೆ ತೆಗೆದುಕೊಳ್ಳದಿದ್ದರೆ ಚಿತ್ರ ಇನ್ನೂ ನೂರು ಕಡೆ ಹೋಗಬಹುದು. ನೊಂದ ಹುಡುಗಿಯ ಮನೆಯವರಿಗೆ ವಾರಂಟಿನ ಸೂಕ್ಷ್ಮ ವಿವರಿಸಲು ಹೋದರೆ ಅವರು ಬೈದಾರು, ಅದು ಸಹಜ. ಆದರೆ ತುರ್ತಿದ್ದಾಗ ವಾರಂಟಿಲ್ಲದೆ, ಕಾರಣ ಬರೆದಿಟ್ಟು ಶೋಧಿಸುವ ದಾರಿಯನ್ನು ಸಂಹಿತೆಯ 185ನೇ ಕಲಮಾಗಲಿ ವೀರೇಂದ್ರ ಖನ್ನಾ ತೀರ್ಪಾಗಲಿ ಮುಚ್ಚಿಲ್ಲ. ಕಾರಣ ಬರೆದಿಡುವುದು ಅಷ್ಟು ಕಷ್ಟದ ಕೆಲಸವೇನಲ್ಲ.

ಪೊಲೀಸರು ಶಾಲೆಯೊಳಗೆ ಕಾಲಿಟ್ಟಾಗ ಬಾಲ ನ್ಯಾಯ ಕಾಯ್ದೆ ಎಷ್ಟು ಬೇಗ ಮರೆತುಹೋಗುತ್ತದೆಂಬುದಕ್ಕೆ ಬೀದರ್ ಸಾಕ್ಷಿ. 2020ರ ಜನವರಿಯಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಮಕ್ಕಳು ಆಡಿದ ನಾಟಕದ ಮೇಲೆ ದೇಶದ್ರೋಹದ ಕೇಸು ಹಾಕಿ, ಸಮವಸ್ತ್ರದಲ್ಲಿ, ಶಸ್ತ್ರಸಹಿತ ಬಂದು ಪುಟ್ಟ ಮಕ್ಕಳನ್ನು ಪ್ರಶ್ನಿಸಿದರು. 2021ರಲ್ಲಿ ಹೈಕೋರ್ಟ್ ಇದು ಮೇಲ್ನೋಟಕ್ಕೇ ಮಕ್ಕಳ ಹಕ್ಕಿನ ಉಲ್ಲಂಘನೆಯೆಂದಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಕೇಸನ್ನೇ ರದ್ದುಮಾಡಿತು. ಅಷ್ಟು ಹೊತ್ತಿಗೆ ಒಬ್ಬ ಶಿಕ್ಷಕಿ, ಒಬ್ಬ ತಾಯಿ ಜೈಲು ಕಂಡು ಬಂದಿದ್ದರು. ಆ ಪ್ರಕರಣ ಫೋನಿನದಲ್ಲ. ಆದರೆ ಬಾಗಿಲು ಅದೇ.

2016ರ ಬಾಲ ನ್ಯಾಯ ಮಾದರಿ ನಿಯಮಗಳಲ್ಲಿ ಎಂಟನೆಯದನ್ನು ಶಾಲೆಗಳ ಸೂಚನಾ ಫಲಕಕ್ಕೆ ಅಂಟಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮಕ್ಕಳೊಡನೆ ವ್ಯವಹರಿಸುವ ಪೊಲೀಸರು ಸಾದಾ ಉಡುಪಿನಲ್ಲಿರಬೇಕು. ಮಗುವಿನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳಬಾರದು. ಒತ್ತಾಯದ ತಪ್ಪೊಪ್ಪಿಗೆ ಕೂಡದು. ವಿಚಾರಿಸುವಾಗ ತಂದೆ ತಾಯಿ ಜೊತೆಗಿರಬಹುದು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿರುವ ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವಂತೆಯೇ ಇಲ್ಲ, ಠಾಣಾ ದಿನಚರಿಯಲ್ಲಿ ಬರೆದುಕೊಳ್ಳಬೇಕಷ್ಟೆ. ಹಾಗಿರುವಾಗ ‘ಸಾರ್ ಕೇಳಿದ್ರು, ಅವನೇ ಅನ್‌ಲಾಕ್ ಮಾಡಿ ಕೊಟ್ಟ’ ಎಂಬ ಒಪ್ಪಿಗೆಗೆ ಬೆಲೆಯೆಷ್ಟು? ಹೆಡ್‌ಮಾಸ್ಟರು ಒಂದು ಪಕ್ಕ, ಪೇದೆ ಇನ್ನೊಂದು ಪಕ್ಕ, ನಡುವೆ 15ರ ಹುಡುಗ. ಅವನು ಒಪ್ಪಿದನೆಂದು ಬರೆದುಕೊಳ್ಳುವುದು ಸುಳ್ಳಲ್ಲದಿದ್ದರೂ ಸತ್ಯವೂ ಅಲ್ಲ.

ನಕಲಾದ ದತ್ತಾಂಶದ ಗತಿಯೇನು? ಮಗು ತಪ್ಪು ಮಾಡಿತೆಂದು ತೀರ್ಮಾನವಾದರೂ, 16 ದಾಟಿದವರ ಘೋರ ಅಪರಾಧವೊಂದನ್ನು ಬಿಟ್ಟು, ಮೇಲ್ಮನವಿಯ ಅವಧಿ ಮುಗಿದ ಮೇಲೆ ಆ ದಾಖಲೆ ನಾಶವಾಗಬೇಕೆಂದು ಬಾಲ ನ್ಯಾಯ ಕಾಯ್ದೆಯ 24ನೇ ಕಲಮು ಹೇಳುತ್ತದೆ. ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿ ಕೂತ 40 ಜಿಬಿ ನಕಲಿನ ಬಗ್ಗೆ ಅದು ಬಿಡಿಸಿ ಹೇಳಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಅಳಿಸಿಹಾಕೆಂದು ಕೇಳುವ ಹಕ್ಕು ಕೊಡುತ್ತದೆ. ಆದರೆ ಅಪರಾಧ ತಡೆ ಮತ್ತು ತನಿಖೆಯ ವಿಷಯ ಬಂದಾಗ 17ನೇ ಕಲಮು ಎರಡನ್ನೂ ಬದಿಗಿಡುತ್ತದೆ. ಫ್ಲಾರಿಡಾದ ಪ್ಯಾಸ್ಕೊ ಕೌಂಟಿಯಲ್ಲಿ ಶೆರಿಫ್ ಕಚೇರಿ ಮಕ್ಕಳ ಅಂಕ, ಹಾಜರಾತಿ, ಮನೆಯ ಪರಿಸ್ಥಿತಿಯ ದಾಖಲೆಗಳಿಂದ ‘ಮುಂದೆ ಅಪರಾಧಿಗಳಾಗಬಹುದಾದವರ’ ಗುಟ್ಟಿನ ಪಟ್ಟಿ ಮಾಡಿಟ್ಟಿದ್ದನ್ನು 2020ರಲ್ಲಿ ‘ಟ್ಯಾಂಪಾ ಬೇ ಟೈಮ್ಸ್’ ಬಯಲಿಗೆಳೆಯಿತು. ಪಟ್ಟಿಯಲ್ಲಿ 420 ಮಕ್ಕಳಿದ್ದರು, ತಮ್ಮ ಹೆಸರಿದೆಯೆಂದು ಅವರಿಗಾಗಲಿ ಪೋಷಕರಿಗಾಗಲಿ ತಿಳಿಸಿರಲಿಲ್ಲ. ಪತ್ರಿಕೆಗೆ ಮರುವರ್ಷ ಪುಲಿಟ್ಜರ್ ಬಂತು. ಅದು ಫೋನಿಲ್ಲದೆ, ಬರೀ ಇಂಥ ದಾಖಲೆಗಳಿಂದ ಆದದ್ದು. ಸಂಗ್ರಹವಾದ ದತ್ತಾಂಶ ಯಾವುದೋ ಒಂದು ದಿನ ಯಾವುದೋ ಒಂದು ಪಟ್ಟಿಗೆ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಶಾಲೆ ಏನು ಮಾಡಬಹುದು? ನನ್ನ ಪಟ್ಟಿ ದೊಡ್ಡದಲ್ಲ. ಕಿತ್ತುಕೊಂಡ ಫೋನನ್ನು ಮಗುವಿನ ಕೈಯಲ್ಲೇ ಸ್ವಿಚ್ ಆಫ್ ಮಾಡಿಸಿ, ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮಗುವಿನ ಸಹಿ ಪಡೆದು ಇಡಬೇಕು. ಯಾವ ಕಾರಣಕ್ಕೂ ತೆರೆಯಬಾರದು. ಸಾಧ್ಯವಾದಷ್ಟೂ ಅದೇ ದಿನ ಸಂಜೆ ಪೋಷಕರಿಗೆ ಕೊಟ್ಟುಬಿಡಬೇಕು, ಏಕೆಂದರೆ ಬೀರುವಿನಲ್ಲಿ ಇಲ್ಲದ ಫೋನಿಗೆ 94ನೇ ಕಲಮಿನ ಆದೇಶ ಹೆಡ್‌ಮಾಸ್ಟರ ಹೆಸರಿಗೆ ಬರಲಾರದು. ಆದರೆ ಫೋನು ಬೇಕೆಂದು ಪೊಲೀಸರು ಕೇಳಿದ ಮೇಲೆ ಅದನ್ನು ಮನೆಗೆ ಸಾಗಹಾಕುವುದು ಸಾಕ್ಷ್ಯ ಮರೆಮಾಚಿದಂತಾದೀತು, ಅದು ಕೂಡದು. ಆಗ ಕೇಳಬೇಕಾದ್ದು ಲಿಖಿತ ಆದೇಶ. ಬಂದವರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೇ ಎಂದೂ ಕೇಳಬೇಕು, ಪ್ರತಿ ಠಾಣೆಯಲ್ಲೂ ಅಂಥವರೊಬ್ಬರು ಇರಬೇಕೆಂದು ಬಾಲ ನ್ಯಾಯ ಕಾಯ್ದೆಯ 107ನೇ ಕಲಮಿದೆ. ಪೋಷಕರಿಗೆ ಮೊದಲು ಕರೆ ಹೋಗಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲೂ ಹಿಂಜರಿಯಬಾರದು. ಫೋನು ಕೊಡುವಾಗ ಐಎಂಇಐ ಸಂಖ್ಯೆ ನಮೂದಿಸಿದ ಮಹಜರಿನ ಪ್ರತಿ ಪಡೆಯಬೇಕು. ವಸ್ತುವನ್ನು ವಶಕ್ಕೆ ಪಡೆಯುವ ಪ್ರಕ್ರಿಯೆಯನ್ನು ಆಡಿಯೊ ವಿಡಿಯೊದಲ್ಲಿ ದಾಖಲಿಸಬೇಕೆಂದು ಸಂಹಿತೆಯ 105ನೇ ಕಲಮೇ ಹೇಳುವುದರಿಂದ ‘ರೆಕಾರ್ಡಿಂಗ್ ಆಗ್ತಿದೆಯಾ ಸಾರ್?’ ಎಂದು ಕೇಳುವುದರಲ್ಲಿ ಉದ್ಧಟತನವೇನಿಲ್ಲ. ಶಿಕ್ಷಣ ಇಲಾಖೆ ಇಷ್ಟನ್ನು ಒಂದು ಪುಟದ ಸುತ್ತೋಲೆಯಾಗಿ ಕಳಿಸಿದರೆ ಹೆಡ್‌ಮಾಸ್ಟರುಗಳಿಗೆ ಹಿಡಿದು ನಿಲ್ಲಲು ಒಂದು ಕಾಗದ ಸಿಗುತ್ತದೆ. ಠಾಣೆಯವರೊಡನೆ ನಿತ್ಯ ಒಡನಾಡಬೇಕಾದ ಊರಿನಲ್ಲಿ ‘ನಾನು ಕೇಳ್ತಿಲ್ಲ ಸಾರ್, ಇಲಾಖೆ ಕೇಳು ಅಂದಿದೆ’ ಎನ್ನುವ ಅನುಕೂಲ ದೊಡ್ಡದು.

ಮನೆಯವರಿಗೆ ಫೋನು ವಾಪಸ್ಸು ಬರುವ ದಾರಿಯೂ ಗೊತ್ತಿರಬೇಕು. ಮನೆಯ ಒಂದೇ ಫೋನು ಮುದ್ದೆಮಾಲಾಗಿ ಠಾಣೆಯಲ್ಲೋ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ಸರದಿಯಲ್ಲೋ ಕೂತರೆ, ಅಮ್ಮನ ಒಟಿಪಿ, ಅಪ್ಪನ ಕೂಲಿ ಕರೆ, ಮಗಳ ಪರೀಕ್ಷೆಯ ನೋಟ್ಸು ಎಲ್ಲವೂ ಜೊತೆಗೇ ಕೂರುತ್ತವೆ. ಜಪ್ತಿಯಾದ ವಸ್ತುಗಳನ್ನು ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಠಾಣೆಯಲ್ಲಿ ಇಟ್ಟುಕೊಳ್ಳಬಾರದೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಸಂಹಿತೆಯ 497 ಮತ್ತು 503ನೇ ಕಲಮುಗಳಡಿ ನ್ಯಾಯಾಲಯಕ್ಕೆ ಬಿಡುಗಡೆ ಅರ್ಜಿ ಹಾಕಬಹುದು. ಮಗುವಿನ ಮೇಲಿನ ಪ್ರಕರಣವಾದರೆ ಬಾಲ ನ್ಯಾಯ ಮಂಡಳಿಯ ಮುಂದೆ. ದತ್ತಾಂಶದ ನಕಲು ತೆಗೆದು ಹ್ಯಾಶ್ ನಮೂದಾದ ಮೇಲೆ ಮೂಲ ಫೋನನ್ನು ಇಟ್ಟುಕೊಳ್ಳುವ ಅಗತ್ಯವೇನೆಂದು ಅರ್ಜಿಯಲ್ಲೇ ಕೇಳಿ, ತೆಗೆದ ನಕಲನ್ನು ಯಾರು, ಎಲ್ಲಿ, ಎಲ್ಲಿಯವರೆಗೆ ಇಟ್ಟುಕೊಳ್ಳುತ್ತಾರೆಂದು ದಾಖಲಿಸುವಂತೆ ಕೋರಬೇಕು. ಈ ಎರಡನೇ ಕೋರಿಕೆಯನ್ನು ವಕೀಲರು ಮರೆತರೆ ಮನೆಯವರೇ ನೆನಪಿಸಬೇಕು.